ಶಾಲೆಯ ಪ್ರಯೋಗಾಲಯಕ್ಕೆ ಕೀಲಿ ಹಾಕಬೇಕೆ, ನೀರಿನ ವ್ಯವಸ್ಥೆ ಮಾಡಬೇಕೆ?

ಮಲಪ್ರಭಾ ದಂಡೆ (ಪ್ರೌಢಶಾಲೆಯ ವಿಜ್ಞಾನ ಶಿಕ್ಷಕ, ಬಾಗಲಕೋಟೆ ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ಕಳೆದ ಬುಧವಾರ ನಮ್ಮ ಶಾಲೆಯ ಪ್ರಯೋಗಾಲಯದಲ್ಲಿ ಒಂದು ಅವಘಡವಾಯಿತು. ಸತುವಿನ ಚೂರುಗಳ ಮೇಲೆ ಸಾರರಿಕ್ತ (ನೀರು ಬೆರೆಸಿ ತೆಳುವಾಗಿಸಿದ) ಸಲ್ಫ್ಯೂರಿಕ್ ಆಮ್ಲ ಹಾಕಿ, ಹೊರಬರುವ ಹೈಡ್ರೋಜನ್ನನ್ನು ಸಾಬೂನಿನ ನೊರೆಯಲ್ಲಿ ಹಿಡಿದು ಹತ್ತನೆಯ ತರಗತಿಯವರಿಗೆ ತೋರಿಸಬೇಕಾಗಿತ್ತು. ಸಾರರಿಕ್ತ ಆಮ್ಲ ತೀರಿದೆ ಎಂಬುದು ನನಗೆ ತಿಳಿದದ್ದು ಮಕ್ಕಳು ಬಂದು ಕುಳಿತ ಮೇಲೆ. ಹಾಜರಿ ಪುಸ್ತಕ ತರಲು ನಾನು ಪಕ್ಕದ ಕೋಣೆಗೆ ಹೋಗಿ ಬರುವಷ್ಟರಲ್ಲಿ ಚುರುಕಾದ ಹುಡುಗನೊಬ್ಬ, ನನಗೆ ನೆರವಾಗಲೆಂದೇ, ಕಪಾಟಿನ ದೊಡ್ಡ ಬಾಟಲಿಯಿಂದ ಬೀಕರಿಗೆ ಸಾರೀಕೃತ (ನೀರು ಬೆರೆಸದ, ಗಾಢವಾದ) ಆಮ್ಲ ಸುರಿದು ಅದರ ಮೇಲೆ ಲೋಟದಿಂದ ನೀರು ಹಾಕಿದ್ದಾನೆ. ಕಾದ ಎಣ್ಣೆಗೆ ಸಾಸಿವೆಯ ಜೊತೆ ನೀರು ಬಿದ್ದಂತೆ ಅದು ಸಿಡಿಯಿತು. ಮುಂಗೈ ಮೇಲೆ ಮೂರು ನಾಲ್ಕು ಹನಿ, ಎಡಗಣ್ಣಿನ ಕೆಳಗೆ ಒಂದು ಹನಿ.

ನಾನು ಓಡಿ ಬಂದು ನಲ್ಲಿ ತಿರುವಿದರೆ ಗಾಳಿಯ ಸದ್ದಷ್ಟೇ ಬಂತು, ಏಕೆಂದರೆ ಅಂದು ನಮ್ಮೂರಿಗೆ ನೀರು ಬಿಡುವ ದಿನವಾಗಿರಲಿಲ್ಲ. ಹುಡುಗನನ್ನು ಕೈಪಂಪಿನವರೆಗೆ ಎಳೆದುಕೊಂಡು ಓಡಿದೆ. ಅಷ್ಟರಲ್ಲಿ ಒಬ್ಬ ಸಹೋದ್ಯೋಗಿ ಕೊಬ್ಬರಿ ಎಣ್ಣೆಯನ್ನೂ ಇನ್ನೊಬ್ಬರು ಬಿಸಿಯೂಟದ ಕೋಣೆಯಿಂದ ಅಡುಗೆ ಸೋಡಾವನ್ನೂ ತಂದಿದ್ದರು. ದೇವರ ದಯೆಯಿಂದ ಕಣ್ಣಿಗೆ ಏನೂ ಆಗಿಲ್ಲ, ಮುಂಗೈ ಮೇಲೆ ಕಂದು ಕಲೆಗಳು ಉಳಿದಿವೆ.

ಈಗ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ, ಪ್ರಯೋಗಾಲಯಕ್ಕೆ ಕೀಲಿ ಹಾಕಿ ಎಲ್ಲವನ್ನೂ ಟಿವಿಯಲ್ಲಿ ವಿಡಿಯೋ ಮೂಲಕ ತೋರಿಸಬೇಕೆಂದು ತೀರ್ಮಾನಿಸಲಾಗಿದೆ. ಮುಂದಿನ ಸಭೆಗೆ ಇನ್ನು ಹದಿನೈದು ದಿನಗಳಿವೆ. ಕೀಲಿ ಹಾಕುವುದು ಸರಿಯೇ? ಹಾಕಬಾರದು ಎನ್ನುವುದಾದರೆ, ಅನುದಾನಕ್ಕೆ ಕಾಯದೆ ನಾವೇ ಮಾಡಬಹುದಾದದ್ದು ಏನು? ಬಲ್ಲವರು ತಿಳಿಸಬೇಕಾಗಿ ವಿನಂತಿ.

ನಿವೃತ್ತ ಅಟೆಂಡರ್ (ವಿಜಯಪುರ)

ಮಾಸ್ತರರೇ, ಬೇಸರ ಮಾಡಿಕೊಳ್ಳಬೇಡಿ, ಆದರೆ ತಪ್ಪು ಹುಡುಗನದಲ್ಲ. ಆಮ್ಲದ ಕಪಾಟು ತೆರೆದಿತ್ತು, ನೀವು ಕೋಣೆಯಲ್ಲಿರಲಿಲ್ಲ. ಪ್ರಯೋಗಾಲಯದಲ್ಲಿ ನಾನು ಕಳೆದ ಮೂವತ್ತೊಂದು ವರ್ಷಗಳಲ್ಲಿ ಕಂಡ ಅವಘಡಗಳೆಲ್ಲ ದೊಡ್ಡವರು ಬಾಗಿಲಾಚೆ ಇದ್ದ ಇಂತಹ ಒಂದೆರಡು ನಿಮಿಷಗಳಲ್ಲೇ ಆಗಿವೆ. ಸಾರರಿಕ್ತ ಆಮ್ಲವನ್ನು ಹಿಂದಿನ ದಿನ, ಮಕ್ಕಳು ಮನೆಗೆ ಹೋದ ಮೇಲೆ, ಮಾಡಿಟ್ಟುಕೊಳ್ಳಬೇಕು. ಪ್ರೌಢಶಾಲೆಯ ಮಗುವಿನ ಕೈಗೆ ದೊಡ್ಡ ಬಾಟಲಿ ಎಂದೂ ಬರಬಾರದು.

ಇನ್ನು ನೀರಿನ ವಿಷಯ. ಆ ಆಮ್ಲ ನೀರಿಗಿಂತ ಸುಮಾರು 1.84 ಪಟ್ಟು ಭಾರವಾದದ್ದು. ಅದರ ಮೇಲೆ ನೀರು ಹಾಕಿದರೆ ನೀರು ಕೆಳಗೆ ಇಳಿಯದೆ ಮೇಲೆಯೇ ನಿಲ್ಲುತ್ತದೆ, ಎರಡೂ ಕೂಡುವ ಜಾಗದಲ್ಲಿ ಹುಟ್ಟುವ ಶಾಖಕ್ಕೆ ಅಲ್ಲೇ ಕುದಿದು, ಆಮ್ಲವನ್ನೂ ಹೊತ್ತುಕೊಂಡು ಹಾರುತ್ತದೆ. ಬದಲಾಗಿ ಬಹಳ ನೀರಿಗೆ ಸ್ವಲ್ಪ ಸ್ವಲ್ಪವೇ ಆಮ್ಲವನ್ನು ಗಾಜಿನ ಕಡ್ಡಿಯ ಗುಂಟ ಇಳಿಸುತ್ತ ಕಲಕಿದರೆ, ಆಮ್ಲ ತಾನೇ ಕೆಳಗಿಳಿದು ಬೆರೆಯುತ್ತದೆ ಮತ್ತು ಶಾಖವನ್ನು ಅಷ್ಟೂ ನೀರು ಹಂಚಿಕೊಳ್ಳುತ್ತದೆ. ಬೀಕರನ್ನು ತಣ್ಣೀರಿನ ಬೋಗುಣಿಯಲ್ಲಿ ಇಟ್ಟುಕೊಂಡರೆ ಇನ್ನೂ ಒಳ್ಳೆಯದು.

ಕುಂದಾನಗರಿ ಪಾಲಕ (ಬೆಳಗಾವಿ)

ಎಸ್‌ಡಿಎಂಸಿಯವರ ತೀರ್ಮಾನ ಸರಿಯಾಗಿಯೇ ಇದೆ. ನನ್ನ ಮಗಳೂ ಹತ್ತನೆಯ ತರಗತಿಯಲ್ಲಿದ್ದಾಳೆ. ಅರವತ್ತು ಮಕ್ಕಳಿಗೆ ಒಬ್ಬ ಶಿಕ್ಷಕ, ಅಟೆಂಡರ್ ಹುದ್ದೆ ಖಾಲಿ, ನಲ್ಲಿಯಲ್ಲಿ ನೀರಿಲ್ಲ. ಇಂತಹ ಕೋಣೆಗೆ ಮಗಳನ್ನು ಕಳಿಸಿ ನಾನು ಕಚೇರಿಯಲ್ಲಿ ನೆಮ್ಮದಿಯಾಗಿ ಕುಳಿತಿರಲು ಸಾಧ್ಯವಿಲ್ಲ. ಬಣ್ಣ ಬದಲಾಗುವುದು, ಗುಳ್ಳೆ ಏಳುವುದು ವಿಡಿಯೋದಲ್ಲಿ ಹತ್ತಿರದಿಂದ, ಇನ್ನೂ ಚೆನ್ನಾಗಿಯೇ ಕಾಣುತ್ತದೆ. ಒಂದು ಕಣ್ಣು ಹೋದರೆ ಅದನ್ನು ಯಾವ ಪ್ರಯೋಗ ತಂದುಕೊಡುತ್ತದೆ?

ಎರೆಮಣ್ಣು (ಪ್ರೌಢಶಾಲಾ ಶಿಕ್ಷಕಿ, ಇಂಡಿ)

ಪಾಲಕರೇ, ನಿಮ್ಮ ಕಾಳಜಿ ಅರ್ಥವಾಗುತ್ತದೆ, ವಾದ ಒಪ್ಪಿಗೆಯಾಗುವುದಿಲ್ಲ. ಶಾಲೆಯ ಬಾಗಿಲು ಮುಚ್ಚಿದ ಮಾತ್ರಕ್ಕೆ ಮಗು ರಾಸಾಯನಿಕಗಳಿಂದ ದೂರವಾಗುತ್ತದೆಯೇ? ಬಚ್ಚಲು ತೊಳೆಯುವ ಆಸಿಡ್ ಮನೆಯಲ್ಲಿದೆ, ಅದರ ಪಕ್ಕದಲ್ಲೇ ಬ್ಲೀಚಿಂಗ್ ಪೌಡರ್ ಇದೆ. ಹಬ್ಬದ ಮುಂಚೆ ಎರಡನ್ನೂ ಒಟ್ಟಿಗೆ ಸುರಿದು ಉಜ್ಜಿದರೆ ಹೊರಬರುವುದು ಕ್ಲೋರಿನ್ ಅನಿಲ. ನಮ್ಮ ಓಣಿಯಲ್ಲಿ ಒಬ್ಬರು ಹಾಗೆ ಮಾಡಿ, ಕೆಮ್ಮುತ್ತ ಬಚ್ಚಲಿನಿಂದ ತೆವಳಿ ಹೊರಗೆ ಬಂದದ್ದನ್ನು ನಾನೇ ನೋಡಿದ್ದೇನೆ. ಬಾಟಲಿಯ ಚೀಟಿಯನ್ನು ಓದಿ ಮುಟ್ಟಬೇಕು ಎಂಬುದನ್ನು ಮಗುವಿಗೆ ಕಲಿಸುವ ಸ್ಥಳ ಶಾಲೆಯೊಂದೇ. ಅದನ್ನೂ ಮುಚ್ಚಿದರೆ ಅದು ಎಲ್ಲಿ ಕಲಿಯಬೇಕು?

ಬಿಳಿ ಕೋಟು (ಶುಶ್ರೂಷಕಿ, ಬಾಗಲಕೋಟೆ)

ವಾದ ಮುಂದುವರಿಯಲಿ, ಅದಕ್ಕಿಂತ ಮೊದಲು ಪ್ರಥಮ ಚಿಕಿತ್ಸೆಯ ಬಗ್ಗೆ ನಾಲ್ಕು ಮಾತು.

ಮಾಸ್ತರರು ಕೈಪಂಪಿಗೆ ಓಡಿದ್ದು ಆ ದಿನ ನಡೆದ ಅತ್ಯಂತ ಸರಿಯಾದ ಕೆಲಸ. ಆಮ್ಲವಾಗಲಿ ಕ್ಷಾರವಾಗಲಿ ಕಣ್ಣಿಗೆ ತಾಗಿದರೆ ರೆಪ್ಪೆಗಳನ್ನು ಬೆರಳಿನಿಂದ ಅಗಲಿಸಿ ಹಿಡಿದು, ತಾಗಿದ ಕಣ್ಣನ್ನು ಕೆಳಗೆ ಮಾಡಿ, ಕನಿಷ್ಠ ಹದಿನೈದರಿಂದ ಇಪ್ಪತ್ತು ನಿಮಿಷ ಹರಿಯುವ ನೀರಿನಲ್ಲಿ ತೊಳೆಯಬೇಕು, ಆಮೇಲೆ ಆಸ್ಪತ್ರೆ. ನಮ್ಮಲ್ಲಿ ಇದು ತಿರುವುಮುರುವಾಗುತ್ತದೆ. ಕಣ್ಣು ಮುಚ್ಚಿಕೊಂಡ ಮಗುವನ್ನು ಬೈಕಿನ ನಡುವೆ ಕೂರಿಸಿಕೊಂಡು ನಲವತ್ತು ನಿಮಿಷ ಸವಾರಿ ಮಾಡಿ ನಮ್ಮ ಬಾಗಿಲಿಗೆ ಬರುತ್ತಾರೆ, ಆ ನಲವತ್ತು ನಿಮಿಷವೂ ರಾಸಾಯನಿಕ ರೆಪ್ಪೆಯೊಳಗೆ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. 108ಕ್ಕೆ ಒಬ್ಬರು ಕರೆ ಮಾಡಲಿ, ಇನ್ನೊಬ್ಬರು ತೊಳೆಯುತ್ತಿರಲಿ.

ಕೊಬ್ಬರಿ ಎಣ್ಣೆ, ತುಪ್ಪ, ಟೂತ್‌ಪೇಸ್ಟ್, ಶಾಯಿ, ಕಾಫಿ ಪುಡಿ ಇವು ಯಾವುವೂ ಬೇಡ. ನುಂಗಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ಇಳಿಯುವಾಗ ಸುಟ್ಟ ಗಂಟಲು ಮೇಲೆ ಬರುವಾಗ ಮತ್ತೊಮ್ಮೆ ಸುಡುತ್ತದೆ.

ನಿವೃತ್ತ ಅಟೆಂಡರ್

ತಂಗೀ, ಒಂದು ತಿದ್ದುಪಡಿ. ಸಾರೀಕೃತ ಸಲ್ಫ್ಯೂರಿಕ್ ಆಮ್ಲ ಚರ್ಮಕ್ಕೆ ಬಿದ್ದರೆ ಮೊದಲು ಒಣ ಬಟ್ಟೆಯಿಂದ ಒರೆಸಿ, ನಂತರ ನೀರು, ನಂತರ ಸೋಡಾ ದ್ರಾವಣ ಎಂದು ನಮ್ಮ ಕಾಲದಲ್ಲಿ ಗೋಡೆಯ ಮೇಲೆಯೇ ಬರೆದಿತ್ತು. ನೀರು ಬಿದ್ದರೆ ಶಾಖ ಹುಟ್ಟುತ್ತದೆ ಎಂದು ಈಗಷ್ಟೇ ನಾನೇ ಹೇಳಿದ್ದೇನಲ್ಲ.

ಬಿಳಿ ಕೋಟು

ಅಣ್ಣಾವ್ರೇ, ಆ ಫಲಕ ಬಹಳ ಶಾಲೆಗಳಲ್ಲಿ ಇಂದಿಗೂ ಇದೆ, ಆದ್ದರಿಂದಲೇ ಇದನ್ನು ಬಿಡಿಸಿ ಹೇಳಬೇಕು. ಒದ್ದೆ ಕರವಸ್ತ್ರದಿಂದ ಒರೆಸಿದರೆ ನಿಮ್ಮ ಮಾತು ನಿಜ: ಸ್ವಲ್ಪ ನೀರು, ಬಹಳ ಶಾಖ. ಧಾರೆಯಾಗಿ ಹರಿಯುವ ನೀರಿನಲ್ಲಿ ಹಾಗಾಗುವುದಿಲ್ಲ, ಹುಟ್ಟಿದ ಶಾಖವನ್ನು ನೀರೇ ಹೊತ್ತುಕೊಂಡು ಹೋಗುತ್ತದೆ. ಬಟ್ಟೆ ಹುಡುಕಲು ಹೋದ ಅರ್ಧ ನಿಮಿಷದಲ್ಲಿ ಆಗುವ ಹಾನಿಯೇ ಹೆಚ್ಚು. ಆಮ್ಲ ಬಿದ್ದ ಅಂಗಿಯನ್ನು ನೀರಿನ ಕೆಳಗೇ ಕಳಚಬೇಕು, ನಾಚಿಕೆ ನೋಡಬಾರದು.

ಸೋಡಾ ವಿಷಯದಲ್ಲಿ ನಾನು ಇನ್ನೂ ಖಡಾಖಂಡಿತವಾಗಿ ಹೇಳುತ್ತೇನೆ. ಆಮ್ಲವೂ ಕ್ಷಾರವೂ ಗಾಯದ ಮೇಲೆ ಸೇರಿದರೆ ಅಲ್ಲೇ ಮತ್ತಷ್ಟು ಶಾಖ ಹುಟ್ಟಬಹುದು, ಸಾಲದ್ದಕ್ಕೆ ಸೋಡಾ ಕಲಸುತ್ತ ಕೂತವರು ತೊಳೆಯುವುದನ್ನು ನಿಲ್ಲಿಸಿರುತ್ತಾರೆ. ಸೋಡಾ ಇರಲಿ, ಮೇಜಿನ ಮೇಲೆ, ನೆಲದ ಮೇಲೆ ಚೆಲ್ಲಿದ ಆಮ್ಲಕ್ಕೆ ಅದು ಬೇಕು. ಮಗುವಿನ ಮೈಗೆ ಬೇಡ.

ನಿವೃತ್ತ ಅಟೆಂಡರ್

ಒಪ್ಪಿದೆ. ಫಲಕ ಬರೆಸಿದವರಲ್ಲಿ ನಾನೂ ಒಬ್ಬ ಎಂಬುದೇ ನೋವು.

ದ್ರಾಕ್ಷಿ ತೋಟ (ತಿಕೋಟಾ)

ಎರೆಮಣ್ಣು ಅಕ್ಕಾವರ ಮಾತಿಗೆ ನನ್ನದೊಂದು ಸಾಕ್ಷಿ. ನಾನು ಬಿ.ಎಸ್ಸಿ. ಓದಿ ದ್ರಾಕ್ಷಿ ಬೆಳೆಯುತ್ತಿರುವವನು. ಬಳ್ಳಿಯ ಶಿಲೀಂಧ್ರ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಮೈಲುತುತ್ತ (ತಾಮ್ರದ ಸಲ್ಫೇಟ್) ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರ್ ಎಂದು ಲೆಕ್ಕ. ಮೈಲುತುತ್ತವನ್ನು ಕಬ್ಬಿಣದ ಪಾತ್ರೆಯಲ್ಲಿ ಕಲಸಬಾರದು, ಕಲಸಿದ ದ್ರಾವಣದಲ್ಲಿ ಕುಡಗೋಲಿನ ತುದಿ ಅದ್ದಿ ನೋಡಿದಾಗ ಕೆಂಪು ಲೇಪ ಬಂದರೆ ಸುಣ್ಣ ಇನ್ನೂ ಸಾಲದು ಎಂದರ್ಥ. ಹತ್ತನೆಯ ತರಗತಿಯ ಪ್ರನಾಳದಲ್ಲಿ ಕಬ್ಬಿಣದ ಮೊಳೆಯ ಮೇಲೆ ತಾಮ್ರ ಕೂರುವ ಪ್ರಯೋಗವೂ ಅದೇ. ಆ ಪ್ರಯೋಗವನ್ನು ಕೈಯಾರೆ ಮಾಡಿದ ನಮ್ಮ ಹುಡುಗ ಕುಡಗೋಲನ್ನು ನೋಡಿ ತಾನೇ ಕಾರಣ ಹೇಳಿದ. ವಿಡಿಯೋ ನೋಡಿದ ಅವನ ಅಣ್ಣ, ಅದು ತುಕ್ಕು ಎಂದ!

ಆದರೆ ಸುಣ್ಣದ ಕುರಿತು ಯಾರೂ ಹೆದರುವುದಿಲ್ಲ, ಅದು ನನಗೆ ಆಶ್ಚರ್ಯ. ಸುಟ್ಟ ಸುಣ್ಣದ ಹರಳಿಗೆ ನೀರು ಹಾಕುವ ಪ್ರಯೋಗ ಪಠ್ಯದಲ್ಲಿದೆ. ಅದು ಕೊತಕೊತ ಕುದಿಯುವಾಗ ಮಕ್ಕಳು ಮುಖವನ್ನು ಬೀಕರಿನ ಬಾಯಿಗೇ ಇಟ್ಟು ನೋಡುತ್ತಾರೆ.

ಬಿಳಿ ಕೋಟು

ತೋಟದವರ ಮಾತು ಚಿನ್ನದಂಥದ್ದು. ಸುಣ್ಣ ಒಂದು ಕ್ಷಾರ, ಕಣ್ಣಿಗೆ ಆಮ್ಲಕ್ಕಿಂತ ಕ್ಷಾರವೇ ಹೆಚ್ಚು ಅಪಾಯಕಾರಿ. ಆಮ್ಲ ತಾಗಿದ ಜಾಗದ ಪ್ರೋಟೀನು ಗಟ್ಟಿಯಾಗಿ ಒಂದು ರೀತಿಯ ತಡೆಗೋಡೆಯಾಗುತ್ತದೆ. ಕ್ಷಾರ ಹಾಗಲ್ಲ, ಅದು ಅಂಗಾಂಶವನ್ನು ಕರಗಿಸುತ್ತ ಒಳಗೆ ಇಳಿಯುತ್ತ ಹೋಗುತ್ತದೆ, ಮತ್ತು ಮೊದಮೊದಲು ನೋವು ಕಡಿಮೆ ಇರಬಹುದಾದ್ದರಿಂದ ಯಾರೂ ಗಾಬರಿಯಾಗುವುದಿಲ್ಲ. ತಂಬಾಕಿನ ಜೊತೆ ತಿಕ್ಕುವ ಸುಣ್ಣದ ಟ್ಯೂಬನ್ನು ಮಕ್ಕಳು ಅದುಮಿ ಕಣ್ಣಿಗೆ ಹಾರಿಸಿಕೊಂಡ ಪ್ರಕರಣಗಳನ್ನು ನಾವು ಕಂಡಿದ್ದೇವೆ. ಒಂದು ವಿನಾಯಿತಿ ನೆನಪಿರಲಿ: ಒಣ ಸುಣ್ಣದ ಪುಡಿ ಮೈಮೇಲೆ ಬಿದ್ದರೆ ಮೊದಲು ಪುಡಿಯನ್ನು ಝಾಡಿಸಿ, ಆಮೇಲೆ ಧಾರಾಳವಾಗಿ ನೀರು ಬಿಡಬೇಕು. ಕಣ್ಣಿಗಾದರೆ ನೇರವಾಗಿ ನೀರೇ.

ಗುಮ್ಮಟದ ಓಣಿ (ವಿಜಯಪುರ)

ನಮ್ಮ ಶಾಲೆಯಲ್ಲಿ ಬೆಂಕಿ ನಂದಿಸಲು ಇಟ್ಟ ಕೆಂಪು ಬಕೆಟ್ಟಿನಲ್ಲಿ ಉಸುಕಿಗಿಂತ ಎಲೆ ಅಡಿಕೆಯ ಉಗುಳೇ ಹೆಚ್ಚಾಗಿದೆ ಎಂಬುದನ್ನು ದಾಖಲೆಗಾಗಿ ತಿಳಿಸುತ್ತೇನೆ.

ಎರಡು ಜಡೆ (ಹತ್ತನೆಯ ತರಗತಿ, ಬೆಳಗಾವಿ ಜಿಲ್ಲೆ)

ದೊಡ್ಡವರೆಲ್ಲ ಮಾತನಾಡುತ್ತಿದ್ದೀರಿ, ಕ್ಷಮಿಸಿ. ನಮ್ಮ ಶಾಲೆಯಲ್ಲಿ ಪ್ರಯೋಗ ನಡೆಯುತ್ತದೆ, ಆದರೆ ಹುಡುಗರು ಮೇಜಿನ ಸುತ್ತ ನಿಲ್ಲುತ್ತಾರೆ, ನಾವು ಹಿಂದಿನಿಂದ ಹೆಗಲುಗಳ ನಡುವೆ ಇಣುಕಿ ನೋಡುತ್ತೇವೆ. ಓಢಣಿಗೆ ಬೆಂಕಿ ತಗುಲೀತು, ಬಳೆ ತಾಗಿ ಪ್ರನಾಳ ಒಡೆದೀತು, ನೀವು ದೂರ ನಿಲ್ಲಿ ಎನ್ನುತ್ತಾರೆ. ಓಢಣಿಗೆ ಪಿನ್ನು ಹಾಕಿ ಬನ್ನಿ ಎಂದು ಒಬ್ಬರೂ ಹೇಳಿಲ್ಲ.

ನಿವೃತ್ತ ಅಟೆಂಡರ್

ಮಗಳೇ, ನಿನ್ನ ದೂರು ಸಕಾರಣವಾದದ್ದು. ಜಡೆಯನ್ನು ಮಡಚಿ ರಿಬ್ಬನ್ನಿನಿಂದ ಮೇಲೆ ಕಟ್ಟಿಕೊಳ್ಳಬೇಕು, ಓಢಣಿಯ ಎರಡೂ ಸೆರಗುಗಳನ್ನು ಹಿಂದಕ್ಕೆ ತಂದು ಗಂಟು ಹಾಕಬೇಕು. ಅದಕ್ಕೆ ಬೇಕಾದದ್ದು ಒಂದು ನಿಮಿಷ. ಹುಡುಗರಿಗೂ ಹೇಳಬೇಕಾದದ್ದು ಇದೆ, ಅಂಗಿಯ ತೋಳು ಮಡಚಬೇಕು, ಚಪ್ಪಲಿಯ ಬದಲು ಬೂಟು ಹಾಕಿಕೊಂಡು ಬರಬೇಕು.

ಪಾಲಿಯೆಸ್ಟರ್ ಸಮವಸ್ತ್ರದ ತೊಂದರೆ ಏನೆಂದರೆ ಅದು ಉರಿಯುವುದರ ಜೊತೆಗೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಆದ್ದರಿಂದ ನಾನು ಪ್ರಯೋಗಾಲಯದ ಬಾಗಿಲ ಹಿಂದೆ ಒಂದು ಕರಿ ಕಂಬಳಿ ನೇತುಹಾಕಿರುತ್ತಿದ್ದೆ. ಕುರಿಯ ಉಣ್ಣೆ ಬೇಗ ಹೊತ್ತಿಕೊಳ್ಳುವುದಿಲ್ಲ, ಕರಗುವುದಂತೂ ಇಲ್ಲ. ಬಟ್ಟೆಗೆ ಬೆಂಕಿ ತಗುಲಿದ ಮಗುವನ್ನು ಓಡಲು ಬಿಡದೆ ನೆಲಕ್ಕೆ ಮಲಗಿಸಿ ಕಂಬಳಿಯಿಂದ ಮುಚ್ಚಬೇಕು. ನಮ್ಮ ಸೀಮೆಯಲ್ಲಿ ಕಂಬಳಿ ಇಲ್ಲದ ಊರು ಯಾವುದಿದೆ? ಆದರೂ ಪ್ರಯೋಗಾಲಯಗಳಲ್ಲಿ ಅದನ್ನು ನಾನು ಕಂಡದ್ದು ಅಪರೂಪ. ಅದು ಅಪ್ಪಟ ಉಣ್ಣೆಯದಾಗಿರಬೇಕು, ಈಗ ಸಂತೆಯಲ್ಲಿ ಸಿಗುವ ಬಣ್ಣದ ಸಿಂಥೆಟಿಕ್ ಬ್ಲಾಂಕೆಟ್ ತಂದರೆ ಬೆಂಕಿಗೆ ಎಣ್ಣೆ ಸುರಿದಂತೆ.

ನಾನು ಕಂಡ ಬೆಂಕಿಗಳಲ್ಲಿ ಹೆಚ್ಚಿನವು ಸ್ಪಿರಿಟ್ ದೀಪದವು. ಬಿಸಿಲು ಬೀಳುವ ಕಿಟಕಿಯ ಬಳಿ ಅದರ ಜ್ವಾಲೆ ಕಣ್ಣಿಗೇ ಕಾಣುವುದಿಲ್ಲ. ಆರಿದೆ ಎಂದುಕೊಂಡು ಸ್ಪಿರಿಟ್ ಸುರಿಯಲು ಹೋಗುತ್ತಾರೆ. ದೀಪ ಪೂರ್ತಿ ತಣಿದ ಮೇಲೆ, ಮೂರನೇ ಎರಡು ಭಾಗ ಮೀರದಂತೆ ತುಂಬಬೇಕು, ಒಂದು ದೀಪವನ್ನು ಬಾಗಿಸಿ ಇನ್ನೊಂದರಿಂದ ಹಚ್ಚಬಾರದು, ಊದಿ ಆರಿಸಬಾರದು. ಮುಚ್ಚಳ ಇಟ್ಟರೆ ಸಾಕು.

ಪಿಯು ರಸಾಯನ (ಉಪನ್ಯಾಸಕ, ಗೋಕಾಕ)

ಎಲ್ಲರೂ ಪ್ರಯೋಗದ ಸಮಯದ ಅಪಾಯವನ್ನೇ ಚರ್ಚಿಸುತ್ತಿದ್ದೀರಿ. ನನ್ನ ಅನುಭವದಲ್ಲಿ ನಿಜವಾದ ಭಯ ಇರುವುದು ಕೀಲಿ ಹಾಕಿದ ಕೋಣೆಯಲ್ಲಿ. ಆದ್ದರಿಂದ "ಕೀಲಿ ಹಾಕಿದರೆ ಸುರಕ್ಷಿತ" ಎಂಬ ಮಾತನ್ನು ನಾನು ಪೂರ್ತಿ ತಳ್ಳಿಹಾಕುತ್ತೇನೆ.

ಸೋಡಿಯಂ ಬಾಟಲಿಯನ್ನು ತೆಗೆದುಕೊಳ್ಳಿ. ನೀರು ತಾಗಿದರೆ ಸಿಡಿಯುವ ಆ ಲೋಹ ಚಿಮಣಿ ಎಣ್ಣೆಯಲ್ಲಿ (ಸೀಮೆಎಣ್ಣೆಯಲ್ಲಿ) ಮುಳುಗಿರಬೇಕು. ವರ್ಷಗಟ್ಟಲೆ ಯಾರೂ ತೆರೆಯದ ಬಾಟಲಿಯಲ್ಲಿ ಎಣ್ಣೆ ಆರುತ್ತ ಹೋಗುತ್ತದೆ, ಪಡಿತರದ ಎಣ್ಣೆ ನಿಂತ ಮೇಲೆ ಅದನ್ನು ತುಂಬುವವರೂ ಇಲ್ಲ. ಲಿಕ್ವಿಡ್ ಪ್ಯಾರಾಫಿನ್ ತಂದು ಹಾಕಬಹುದು ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಮೇಲೆ ಎದ್ದ ಸೋಡಿಯಂ ಗಾಳಿಯ ತೇವವನ್ನು ಹೀರಿ ಬಿಳಿ ಪೊರೆ ಕಟ್ಟುತ್ತದೆ. ಅದನ್ನು ಕಂಡು "ಹಾಳಾಗಿದೆ" ಎಂದು ಒಬ್ಬರು ಗಟಾರಕ್ಕೆ ಎಸೆದಿದ್ದರು. ಸದ್ದು ಬೀದಿಯವರೆಗೆ ಕೇಳಿತು, ಗಟಾರದ ಮೇಲಿನ ಹಾಸುಗಲ್ಲು ಸರಿದಿತ್ತು.

ಇನ್ನು ಬಿಳಿ ರಂಜಕ (ಫಾಸ್ಫರಸ್). ಗಾಳಿಯಲ್ಲಿ ಅದು ಹೊತ್ತಿಕೊಳ್ಳಲು 30 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನ ಉಷ್ಣತೆ ಸಾಕು, ಆದ್ದರಿಂದ ನೀರಿನಲ್ಲಿ ಇಡುತ್ತಾರೆ. ವಿಜಯಪುರ, ಬಾಗಲಕೋಟೆಗಳ ಏಪ್ರಿಲ್–ಮೇ ಬಿಸಿಲು 40 ದಾಟುತ್ತದೆ. ಬೇಸಿಗೆ ರಜೆಯಲ್ಲಿ ಕೋಣೆಗೆ ಕೀಲಿ, ಕಿಟಕಿ ಬಂದ್, ಬಾಟಲಿಯ ನೀರು ಆರುತ್ತಿದೆ. ಮುಂದಿನದನ್ನು ನಾನು ಬರೆಯಬೇಕಿಲ್ಲ. ಪ್ರೌಢಶಾಲೆಗೆ ಈ ವಸ್ತು ಬೇಕಾಗಿಯೂ ಇಲ್ಲ. ಅಮೋನಿಯಾ ಬಾಟಲಿಯೂ ಬೇಸಿಗೆಯಲ್ಲಿ ಒಳಗೆ ಒತ್ತಡ ಕಟ್ಟಿಕೊಂಡಿರುತ್ತದೆ, ತಣ್ಣೀರಿನಲ್ಲಿ ಇಟ್ಟು, ಮುಖ ಆಚೆ ಮಾಡಿ ಮುಚ್ಚಳ ತೆರೆಯಬೇಕು.

ಎಲ್ಲಕ್ಕಿಂತ ಮುಖ್ಯವಾಗಿ, ಹಳೆಯ ಜೀವಶಾಸ್ತ್ರ ಕಪಾಟುಗಳಲ್ಲಿ ಪಿಕ್ರಿಕ್ ಆಮ್ಲ ಸಿಗುವುದುಂಟು. ಒದ್ದೆಯಾಗಿದ್ದಾಗ ಅದು ಸಾಧು. ಒಣಗಿ ಹಳದಿ ಹರಳಾದರೆ ಅದು ಸ್ಫೋಟಕ, ಮುಚ್ಚಳ ತಿರುಗಿಸುವ ತಿಕ್ಕಾಟವೇ ಅದಕ್ಕೆ ಸಾಕಾಗಬಹುದು. ಅಂತಹ ಬಾಟಲಿ ಕಂಡರೆ ಅಲುಗಾಡಿಸಬೇಡಿ, ಕೋಣೆ ಮುಚ್ಚಿ ಅಗ್ನಿಶಾಮಕ ದಳಕ್ಕೆ ತಿಳಿಸಿ.

ಎರೆಮಣ್ಣು

ಪಾದರಸವನ್ನು ಮರೆತಿರಿ, ಗುರುಗಳೇ. ನಮ್ಮಲ್ಲಿ ಥರ್ಮಾಮೀಟರ್ ಒಡೆದಾಗ ಮಕ್ಕಳು ಆ ಗುಂಡುಗಳನ್ನು ಕಂಪಾಸ್ ಪೆಟ್ಟಿಗೆಯಲ್ಲಿ ತುಂಬಿಕೊಂಡಿದ್ದರು. ಆರಿಸಲು ಹೋದ ನನ್ನ ಚಿನ್ನದ ಉಂಗುರ ಬೆಳ್ಳಿಯಂತೆ ಬೆಳ್ಳಗಾಗಿ, ಅಕ್ಕಸಾಲಿಗರ ಬಳಿ ಮುಖ ಸಣ್ಣದು ಮಾಡಿಕೊಂಡು ನಿಲ್ಲಬೇಕಾಯಿತು.

ಪಿಯು ರಸಾಯನ

ಉಂಗುರ ಹೋದದ್ದು ಕಡಿಮೆ ನಷ್ಟ, ಅಕ್ಕಾವರೇ. ಕೋಣೆಯ ಸಾಮಾನ್ಯ ಉಷ್ಣತೆಯಲ್ಲೇ ಪಾದರಸ ಆವಿಯಾಗುತ್ತ ಇರುತ್ತದೆ, ಉಸಿರಿನ ಜೊತೆ ಒಳಗೆ ಹೋಗುವುದೇ ಅದರ ಕೆಡುಕು. ಕಸಬರಿಗೆ ಹಾಕಿದರೆ ಗುಂಡುಗಳು ಇನ್ನೂ ಸಣ್ಣವಾಗಿ ಬಿರುಕುಗಳಿಗೆ ಇಳಿಯುತ್ತವೆ. ಕಿಟಕಿ ತೆರೆದು, ಮಕ್ಕಳನ್ನು ಹೊರಗೆ ಕಳಿಸಿ, ಕೈಗವಸು ಹಾಕಿಕೊಂಡು, ಎರಡು ರಟ್ಟಿನ ತುಂಡುಗಳಿಂದ ಗುಂಡುಗಳನ್ನು ಒಟ್ಟುಗೂಡಿಸಿ ಡ್ರಾಪರಿನಿಂದ ಎತ್ತಿ, ನೀರಿರುವ ಬಾಟಲಿಗೆ ಹಾಕಿ ಮುಚ್ಚಬೇಕು. ಬಿರುಕುಗಳಿಗೆ ಗಂಧಕದ ಪುಡಿ ಉದುರಿಸಬಹುದು. ಸ್ಪಿರಿಟ್ ತುಂಬಿದ ಕೆಂಪು ಗೆರೆಯ ಥರ್ಮಾಮೀಟರ್ ಶಾಲೆಗೆ ಧಾರಾಳವಾಗಿ ಸಾಕು.

ಕಡತದ ಮನುಷ್ಯ (ಶಾಲಾ ಗುಮಾಸ್ತ, ಜಮಖಂಡಿ)

ಆ ಹಳೆಯ ಬಾಟಲಿಗಳು ಕಪಾಟಿನಲ್ಲಿ ಏಕೆ ಉಳಿದಿವೆ ಎಂಬುದನ್ನು ಯಾರೂ ಕೇಳಲಿಲ್ಲ, ನಾನು ಹೇಳುತ್ತೇನೆ. ಅವು ದಾಸ್ತಾನು ಪುಸ್ತಕದಲ್ಲಿವೆ. ಪುಸ್ತಕದಲ್ಲಿ "ಒಂದು ಬಾಟಲಿ" ಎಂದಿದ್ದು, ಕಪಾಟಿನಲ್ಲಿ ಇಲ್ಲದಿದ್ದರೆ ಲೆಕ್ಕ ತಪಾಸಣೆಯಲ್ಲಿ ಉತ್ತರ ಕೊಡಬೇಕಾದವರು ಮುಖ್ಯಶಿಕ್ಷಕರು. ಹೀಗಾಗಿ ನಾಲ್ಕು ಮುಖ್ಯಶಿಕ್ಷಕರು ಬಂದು ಹೋದರೂ ಬಾಟಲಿ ಹೋಗುವುದಿಲ್ಲ, ಚೀಟಿ ಮಾತ್ರ ಗೆದ್ದಲಿನ ಪಾಲಾಗುತ್ತದೆ. ಇದಕ್ಕೆ ದಾರಿ ಕಡತದಲ್ಲೇ ಇದೆ: ಎಸ್‌ಡಿಎಂಸಿ ಠರಾವು ಬರೆಸಿ, ಪಟ್ಟಿ ಮಾಡಿ, ಮೇಲಧಿಕಾರಿಗಳ ಅನುಮತಿ ಪಡೆದು ವಿಲೇವಾರಿ ಮಾಡುವುದು. ಕೆಲಸ ಬೇಸರದ್ದು, ಆದರೆ ಆಗದ್ದಲ್ಲ.

ಇನ್ನೊಂದು ವಿಷಯ. ಆಸಿಡ್ ದಾಳಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2013ರ ಜುಲೈ 18ರಂದು ಕೊಟ್ಟ ಆದೇಶದಲ್ಲಿ ಶಿಕ್ಷಣ ಸಂಸ್ಥೆಗಳ ಮಾತೂ ಇದೆ. ಆಮ್ಲದ ಬಳಕೆಯ ನೋಂದಣಿ ಪುಸ್ತಕ ಇಡಬೇಕು, ಅದನ್ನು ಉಪವಿಭಾಗದ ದಂಡಾಧಿಕಾರಿಗಳಿಗೆ ಸಲ್ಲಿಸಬೇಕು, ಆಮ್ಲಕ್ಕೆ ಒಬ್ಬ ವ್ಯಕ್ತಿಯನ್ನು ಹೊಣೆ ಮಾಡಬೇಕು, ಆಮ್ಲ ಬಳಸುವ ಪ್ರಯೋಗಾಲಯದಿಂದ ಹೊರಹೋಗುವ ವಿದ್ಯಾರ್ಥಿಗಳನ್ನೂ ಸಿಬ್ಬಂದಿಯನ್ನೂ ತಪಾಸಣೆ ಮಾಡಬೇಕು. ಮಲಪ್ರಭಾ ದಂಡೆಯವರೇ, ನಿಮ್ಮ ಶಾಲೆಯಲ್ಲಿ ಆಮ್ಲದ ಹೊಣೆ ಯಾರದು ಎಂದು ಬರೆದಿಟ್ಟಿದ್ದೀರಾ? ಇಲ್ಲವಾದರೆ, ನಾಳೆ ಏನಾದರೂ ಆದಾಗ ಅದು ತಾನಾಗಿಯೇ ನಿಮ್ಮದಾಗುತ್ತದೆ.

ಕುಂದಾನಗರಿ ಪಾಲಕ

ನೀವೆಲ್ಲ ಬರೆದದ್ದನ್ನು ಓದಿದ ಮೇಲೆ ನನ್ನ ಹೆದರಿಕೆ ಕಡಿಮೆಯಾಗುವ ಬದಲು ಇಮ್ಮಡಿಯಾಗಿದೆ. ಆದರೂ ಉಪನ್ಯಾಸಕರ ಮಾತಿನಿಂದ ಒಂದು ಸ್ಪಷ್ಟವಾಯಿತು, ಕೀಲಿ ಪರಿಹಾರವಲ್ಲ. ನನ್ನ ಷರತ್ತು ಒಂದೇ: ಕೋಣೆಯಲ್ಲಿ ನೀರು ಇಲ್ಲದ ದಿನ ಪ್ರಯೋಗ ಇಲ್ಲ. ಇದನ್ನು ಯಾವ ಶಾಲೆಯಾದರೂ ಬರೆದು ಕೊಟ್ಟರೆ ನಾನು ಸಹಿ ಮಾಡುತ್ತೇನೆ. ಆದರೆ ದಿನ ಬಿಟ್ಟು ದಿನ, ವಾರಕ್ಕೊಮ್ಮೆ ನೀರು ಬರುವ ಊರುಗಳಲ್ಲಿ ಅದು ಹೇಗೆ ಸಾಧ್ಯ?

ಬಿಳಿ ಕೋಟು

ಲೆಕ್ಕ ಹಾಕೋಣ. ಕಣ್ಣು ತೊಳೆಯುವ ತುರ್ತು ಸಾಧನಗಳಿಗೆ ಅಮೆರಿಕದ ಮಾನದಂಡವೊಂದಿದೆ: ನಿಮಿಷಕ್ಕೆ ಸುಮಾರು 1.5 ಲೀಟರ್, 15 ನಿಮಿಷ, ಮತ್ತು ಅಪಾಯದ ಜಾಗದಿಂದ 10 ಸೆಕೆಂಡಿನ ನಡಿಗೆಯೊಳಗೆ. ಅಂದರೆ ಇಪ್ಪತ್ತೆರಡೂವರೆ ಲೀಟರ್. ಮದುವೆ ಮನೆಗೆ ತರುವ ನಲ್ಲಿ ಇರುವ 20 ಲೀಟರಿನ ಎರಡು ಕ್ಯಾನುಗಳನ್ನು ಮಗುವಿನ ಎದೆಯ ಎತ್ತರದ ಕಟ್ಟೆಯ ಮೇಲೆ ಇಟ್ಟರೆ, ಕೆಳಗೊಂದು ಬೋಗುಣಿ ಇಟ್ಟರೆ, ಅಷ್ಟೂ ನೀರು ಸಿಕ್ಕಿತು. ವಾರಕ್ಕೊಮ್ಮೆ ಖಾಲಿ ಮಾಡಿ ಹೊಸ ನೀರು ತುಂಬಬೇಕು. ಅದನ್ನು ಕುಡಿಯಲು ಬಳಸಲು ಬಿಡಬೇಡಿ, ಪ್ರಯೋಗಾಲಯದಲ್ಲಿ ತಿನ್ನುವುದೂ ಕುಡಿಯುವುದೂ ನಿಷಿದ್ಧ.

ಕನ್ನಡಕದ ಬಗ್ಗೆಯೂ ಹೇಳಿಬಿಡುತ್ತೇನೆ. ನಂಬರಿನ ಕನ್ನಡಕ ರಕ್ಷಣೆಯಲ್ಲ, ಪಕ್ಕದಿಂದ ಸಿಡಿದದ್ದು ಒಳಗೆ ಬರುತ್ತದೆ. ಸುತ್ತ ಮುಚ್ಚಿದ ರಕ್ಷಣಾ ಕನ್ನಡಕವೇ ಬೇಕು.

ಗುಮ್ಮಟದ ಓಣಿ

ಅರವತ್ತು ಮಕ್ಕಳಿಗೆ ಅರವತ್ತು ಕನ್ನಡಕವೇ? ಅದಕ್ಕೆ ಹಣ ಎಲ್ಲಿದೆ, ತಾಯಿ?

ಎರೆಮಣ್ಣು

ಇಪ್ಪತ್ತು ಸಾಕು. ನಾನು ತರಗತಿಯನ್ನು ಮೂರು ಗುಂಪು ಮಾಡುತ್ತೇನೆ, ಒಂದು ಗುಂಪು ಪ್ರಯೋಗ ಮಾಡುವಾಗ ಉಳಿದೆರಡು ಗುಂಪುಗಳು ಪಕ್ಕದ ಕೋಣೆಯಲ್ಲಿ ಗಣಿತದವರ ಬಳಿ ಇರುತ್ತವೆ. ಗಣಿತದ ಗುರುಗಳಿಗೆ ಚಹಾದ ಋಣ ನನ್ನ ಮೇಲೆ ಬಹಳ ಇದೆ.

ಪ್ರಮಾಣವನ್ನೂ ಇಳಿಸಿದ್ದೇನೆ. ಪ್ರನಾಳದ ಕಾಲುಭಾಗ ಸಾಕಾಗುವಲ್ಲಿ ಅರ್ಧ ತುಂಬಿಸುವ ಚಟ ನಮಗೆಲ್ಲ ಇದೆ. ಎರಡು ಮಿಲಿಲೀಟರಿನಲ್ಲೂ ಸತುವಿನಿಂದ ಗುಳ್ಳೆ ಏಳುತ್ತದೆ, ಚೆಲ್ಲಿದರೂ ಮೇಜು ಒರೆಸಿದರೆ ಮುಗಿಯಿತು. ಸೀಸದ ನೈಟ್ರೇಟ್ ಕಾಯಿಸಿ ಕಂದು ಹೊಗೆ ತೋರಿಸುವುದನ್ನು ಕೋಣೆಯೊಳಗೆ ನಿಲ್ಲಿಸಿದ್ದೇನೆ. ಆ ಹೊಗೆ ನೈಟ್ರೋಜನ್ ಡೈಆಕ್ಸೈಡ್, ಶ್ವಾಸಕೋಶಕ್ಕೆ ಕೆಟ್ಟದ್ದು. ಅದನ್ನು ಮಾತ್ರ ವಿಡಿಯೋದಲ್ಲಿ ತೋರಿಸುತ್ತೇನೆ, ಪಾಲಕರಿಗೆ ಇಷ್ಟು ಬಿಟ್ಟುಕೊಡುತ್ತೇನೆ.

ಪಿಯು ರಸಾಯನ

ವಿಜ್ಞಾನ ಮೇಳಗಳ "ಜ್ವಾಲಾಮುಖಿ"ಯನ್ನೂ ದಯವಿಟ್ಟು ನಿಲ್ಲಿಸಿ. ಅದಕ್ಕೆ ಬಳಸುವ ಅಮೋನಿಯಂ ಡೈಕ್ರೋಮೇಟಿನ ಕಿತ್ತಳೆ ಹರಳಿನಲ್ಲಿರುವ ಕ್ರೋಮಿಯಂ ರೂಪ ಕ್ಯಾನ್ಸರ್‌ಕಾರಕ. ಬಹುಮಾನ ಸಿಗುತ್ತದೆ ಎಂದು ಮಕ್ಕಳು ಅದರ ಪುಡಿಯನ್ನು ಬರಿಗೈಯಲ್ಲಿ ಗುಡ್ಡೆ ಹಾಕುತ್ತಾರೆ. ಮೆಗ್ನೀಸಿಯಂ ಪಟ್ಟಿ ಉರಿಸುವಾಗ ನೇರವಾಗಿ ನೋಡಬಾರದು ಎಂದು ಹೇಳುತ್ತೇವೆ, ಆದರೆ ಅದು ಮೇಜಿಗೆ ಬಿದ್ದರೆ ಏನು ಮಾಡಬೇಕೆಂದು ಹೇಳುವುದಿಲ್ಲ. ನೀರೂ ಬೇಡ, ಕಾರ್ಬನ್ ಡೈಆಕ್ಸೈಡಿನ ಸಿಲಿಂಡರೂ ಬೇಡ, ಆ ಅನಿಲದಲ್ಲಿಯೂ ಅದು ಉರಿಯುತ್ತದೆ. ಒಣ ಉಸುಕು ಮುಚ್ಚಬೇಕು, ಆದ್ದರಿಂದ ಗುಮ್ಮಟದ ಓಣಿಯವರು ದಯವಿಟ್ಟು ಬಕೆಟ್ಟು ಬದಲಿಸಲಿ.

ಮಲಪ್ರಭಾ ದಂಡೆ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಸಭೆಯಾಯಿತು. ನಿವೃತ್ತ ಅಟೆಂಡರ್ ಅವರ ಮಾತು ಚುಚ್ಚಿತ್ತು, ಆದ್ದರಿಂದ ಮೊದಲು ನನ್ನ ತಪ್ಪನ್ನೇ ಒಪ್ಪಿಕೊಂಡೆ. ಆಮೇಲೆ ನೀರಿನ ಲೆಕ್ಕ ಇಟ್ಟೆ. ಅಧ್ಯಕ್ಷರು ತಮ್ಮ ಮನೆಯ ಎರಡು ಕ್ಯಾನು ಕೊಟ್ಟರು, ಒಬ್ಬ ತಾಯಿ ಕಂಬಳಿ ಕೊಡುತ್ತೇನೆಂದರು. ಆಮ್ಲದ ಕಪಾಟಿನ ಹೊಣೆ ನನ್ನದು ಎಂದು ಠರಾವಿನಲ್ಲಿ ಬರೆಸಲಾಗಿದೆ. ಕನ್ನಡಕಗಳ ಹಣ ಇನ್ನೂ ಕೂಡಿಲ್ಲ, ಅಲ್ಲಿಯವರೆಗೆ ಬಣ್ಣದ ಸೂಚಕಗಳು, ಅರಿಶಿನ, ದಾಸವಾಳದ ರಸ ಇಷ್ಟೇ. ಆಮ್ಲ ಇಲ್ಲ. ಮುಂಗೈ ಸುಟ್ಟುಕೊಂಡ ಹುಡುಗ ಪ್ರತಿ ಸೋಮವಾರ ಕ್ಯಾನು ತುಂಬುವ ಕೆಲಸವನ್ನು ತಾನೇ ಕೇಳಿ ಪಡೆದಿದ್ದಾನೆ.

ಇಂದು ಸಂಜೆ ಕಪಾಟಿನ ಪಟ್ಟಿ ಮಾಡುವಾಗ ಮೇಲಿನ ಹಲಗೆಯ ಮೂಲೆಯಲ್ಲಿ ಒಂದು ಕಂದು ಬಾಟಲಿ ಕಂಡಿತು. ಚೀಟಿಯನ್ನು ಗೆದ್ದಲು ತಿಂದಿದೆ. ಒಳಗೆ ದ್ರವವೇನೂ ಕಾಣುತ್ತಿಲ್ಲ, ಮುಚ್ಚಳದ ಅಂಚಿನಲ್ಲಿ ಹಳದಿಯಾಗಿ ಏನೋ ಕಟ್ಟಿಕೊಂಡಿದೆ. ಮುಟ್ಟಿಲ್ಲ.

ಪಿಯು ರಸಾಯನ

ಮುಟ್ಟದೇ ಇದ್ದದ್ದು ಒಳ್ಳೆಯದಾಯಿತು. ಅದು ಬರೀ ಗಂಧಕವೂ ಆಗಿರಬಹುದು, ಆದರೆ ಊಹೆಯ ಮೇಲೆ ಕೈ ಹಾಕುವ ವಸ್ತುವಲ್ಲ. ಆ ಹಲಗೆಯ ಬೇರೆ ಬಾಟಲಿಗಳನ್ನೂ ಸರಿಸಬೇಡಿ, ಕಪಾಟಿನ ಬಾಗಿಲನ್ನು ಬಡಿದು ಮುಚ್ಚಬೇಡಿ. ಬೆಳಿಗ್ಗೆ ಮುಖ್ಯಶಿಕ್ಷಕರಿಂದ ಅಗ್ನಿಶಾಮಕ ಠಾಣೆಗೆ ಪತ್ರವನ್ನೂ ಕರೆಯನ್ನೂ ಮಾಡಿಸಿ. ದೂರದಿಂದ ತೆಗೆದ ಒಂದು ಫೋಟೋ ನನಗೆ ಕಳಿಸಿ. ಅವರು ಬಂದು ಹೋಗುವವರೆಗೆ ಆ ಕೋಣೆಯ ಕೀಲಿ ನಿಮ್ಮ ಕಿಸೆಯಲ್ಲೇ ಇರಲಿ.

ಕುಂದಾನಗರಿ ಪಾಲಕ

ಅಂತೂ ಕೀಲಿ ಹಾಕಿದಿರಿ.